ನಾಲ್ಕು ತಾಲ್ಲೂಕು ತಿರುಗಿದ ಚೈನೀಸ್ ಬೆಂಡೆಕಾಯಿ

ಕೆಲವರು ಕಾಲಿಟ್ಟ ಕಡೆ ಮಳೆ ಬರುತ್ತದಂತೆ, ಕೆಲವರು ಕಾಲಿಟ್ಟ ಕಡೆ ಜಗಳ ಹತ್ತಿಕೊಳ್ಳುತ್ತದಂತೆ. ನಾನು ಕಾಲಿಟ್ಟ ಕಡೆಯೆಲ್ಲ ಬೆಂಡೆಕಾಯಿಯಿಂದ ಏನಾದರೊಂದು ಆಗಿಯೇ ಆಗುತ್ತಿತ್ತು. ಬೇಡ ಬೇಡ ಅಂದರೂ ಆಗುತ್ತಿತ್ತು.

ನಾನು ಹುಡುಗಿಯರ ಕಾಲೇಜಿನಲ್ಲಿ ಗೃಹವಿಜ್ಞಾನದ ಮೇಡಂ ಆಗಿದ್ದವಳು. ಗೌರಿಬಿದನೂರು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಚಿಂತಾಮಣಿ ಅಂತ ವರ್ಗ ಆಗುತ್ತ ಆಗುತ್ತ ಅರ್ಧ ನೌಕರಿ ಕಳೆದೆ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಮಗೆ ಬೆಂಗಳೂರಿನಲ್ಲಿ ಹತ್ತು ದಿನದ ತರಬೇತಿ ಇಟ್ಟಿದ್ದರು. ಅಲ್ಲಿ ಒಂದು ಮಧ್ಯಾಹ್ನ ಹೋಟೆಲಿನ ಅಡುಗೆಯವರೊಬ್ಬರು ಬಂದು ‘ಚೈನೀಸ್ ಬೆಂಡೆಕಾಯಿ’ ಮಾಡಿ ತೋರಿಸಿದರು. ಬೆಂಡೆಕಾಯಿಯನ್ನು ತೊಳೆದು, ಒಂದು ಹನಿ ನೀರಿಲ್ಲದ ಹಾಗೆ ಒರೆಸಿ, ಉದ್ದುದ್ದ ಸೀಳಿ, ಬೀಜ ತೆಗೆದು, ಕಾರ್ನ್‌ಫ್ಲೋರು, ಮೈದಾ, ಖಾರದ ಪುಡಿ ಉದುರಿಸಿ ಕಾದ ಎಣ್ಣೆಯಲ್ಲಿ ಗರಿಗರಿಯಾಗಿ ಕರಿಯುವುದು. ಆಮೇಲೆ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಈರುಳ್ಳಿ, ದೊಣ್ಣೆಮೆಣಸಿನಕಾಯಿ ಜೋರು ಉರಿಯಲ್ಲಿ ಬಾಡಿಸಿ, ಸೋಯಾ ಸಾಸು, ಒಂದಿಷ್ಟು ವಿನೆಗರ್ ಹಾಕಿ, ಕರಿದ ಬೆಂಡೆಕಾಯಿ ಸುರಿದು, ಎರಡು ಸಲ ಎಗರಿಸಿ ಇಳಿಸುವುದು. ಬಾಯಿಗಿಟ್ಟರೆ ಹಪ್ಪಳದ ಹಾಗೆ ಕರಕರ ಅನ್ನುತ್ತಿತ್ತು. ಬೆಂಡೆಕಾಯಿ ಅಂದರೆ ಲೋಳೆ ಅಂತ ತಿಳಿದಿದ್ದ ನಮಗೆಲ್ಲ ಬೆರಗೋ ಬೆರಗು.

“ಚೀನಾದಲ್ಲಿ ದಿನಾ ಇದನ್ನೇ ತಿಂತಾರಾ?” ಅಂತ ಕೇಳಿದೆ.

“ಗೊತ್ತಿಲ್ಲ ಮೇಡಂ, ನಾನು ಮಾಲೂರಿನವನು” ಅಂದರು ಅವರು.

ಅವತ್ತೇ ನಾನು ಎಚ್ಚರವಾಗಬೇಕಿತ್ತು. ಆಗಲಿಲ್ಲ. ಒಂದು ಸೀಸೆ ಸೋಯಾ ಸಾಸು ಕೊಂಡು ಬ್ಯಾಗಿನಲ್ಲಿಟ್ಟುಕೊಂಡು ಗೌರಿಬಿದನೂರಿನ ರೈಲು ಹತ್ತಿದೆ.

ಹೊಸ ಅರಿಷ್ಟ

ನಮ್ಮತ್ತೆಗೆ ಮಂಡಿ ನೋವು. ಪಂಡಿತರು ಕೊಟ್ಟ ಅರಿಷ್ಟವನ್ನು ದಿನಕ್ಕೆರಡು ಹೊತ್ತು ಕುಡಿಯುತ್ತಿದ್ದರು. ಅದು ಮುಗಿದು ಹೋಗಿತ್ತು. ತಂದುಕೊಡು ಅಂತ ಮಗನಿಗೆ ದಿನಾ ಹೇಳುತ್ತಿದ್ದರು. ನಮ್ಮ ಯಜಮಾನರು ಒಂದು ಆಫೀಸಿನಲ್ಲಿ ಗುಮಾಸ್ತರು, ಮರೆಯುವುದರಲ್ಲಿ ಬಲು ಜೋರು. ದಿನಾ ಮರೆತು ಬರುತ್ತಿದ್ದರು, ದಿನಾ ಬೈಸಿಕೊಳ್ಳುತ್ತಿದ್ದರು. ನಾನು ಬೆಂಗಳೂರಿನಿಂದ ವಾಪಸ್ಸು ಬಂದ ಎರಡನೇ ದಿನದಿಂದ ಬೈಗುಳ ನಿಂತಿತು. ಸದ್ಯ, ಕೊನೆಗೂ ತಂದುಕೊಟ್ಟರು ಅಂತ ನಾನಂದುಕೊಂಡೆ. ಅಮ್ಮ ಸುಮ್ಮನಾದರಲ್ಲ, ಇವಳೇ ತಂದಿರಬೇಕು ಅಂತ ಅವರಂದುಕೊಂಡರು.

ಮುಂದಿನ ಭಾನುವಾರ ಅಕ್ಕಪಕ್ಕದ ಮನೆಯವರನ್ನು ಕರೆದು ಚೈನೀಸ್ ಬೆಂಡೆಕಾಯಿ ಮಾಡೋಣ ಅಂತ ಹೊರಟೆ. ಎಲ್ಲಾ ಹೆಚ್ಚಿಟ್ಟುಕೊಂಡು ಗೂಡಿನಿಂದ ಸೋಯಾ ಸಾಸಿನ ಸೀಸೆ ತೆಗೆದರೆ ತಳದಲ್ಲಿ ಎರಡು ಚಮಚ ಉಳಿದಿದೆ.

“ಅತ್ತೆ, ಈ ಸೀಸೇಲಿ ಇದ್ದಿದ್ದು ಎಲ್ಲೋಯ್ತು?”

“ನನ್ನ ಅರಿಷ್ಟ ತಾನೆ? ಎಲ್ಲೋಗತ್ತೆ, ಕುಡ್ದೆ. ಬೆಳಿಗ್ಗೆ ಎರಡು ಚಮಚ, ರಾತ್ರಿ ಎರಡು ಚಮಚ.”

“ಹೊಟ್ಟೇಲಿ ಏನೂ ಆಗ್ಲಿಲ್ವಾ ಅತ್ತೆ?”

“ಏನಾಗತ್ತೆ? ಉಪ್ಪು ಒಂಚೂರು ಮುಂದು, ಅಷ್ಟೆ. ಹಳೇ ಪಂಡಿತರದಕ್ಕಿಂತ ಇದೇ ವಾಸಿ ಕಣೇ. ಮಂಡಿ ನೋವು ಅರ್ಧಕ್ಕರ್ಧ ಇಳಿದಿದೆ. ನೋಡು ಬೇಕಾದ್ರೆ” ಅಂತ ಎದ್ದು, ನಡುಮನೆಯಲ್ಲಿ ಎರಡು ಸಲ ಕೂತೆದ್ದು ತೋರಿಸಿದರು. ಮದುವೆಯಾಗಿ ಬಂದಾಗಿನಿಂದ ನಾನು ಅವರು ಗೋಡೆ ಹಿಡಿಯದೆ ಎದ್ದಿದ್ದನ್ನು ನೋಡಿರಲಿಲ್ಲ.

ಯಜಮಾನರು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, “ಹೇಳ್ಬೇಡ ಕಣೇ, ಸುಮ್ನಿರು. ಸೊಸೆ ಚೀನಾ ಸಾಮಾನು ಕುಡಿಸಿದ್ಲು ಅಂತ ಊರೆಲ್ಲ ಸಾರ್ತಾರೆ” ಅಂದರು. ಆದರೆ ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ತಮಗೂ ಅದೇ ಅರಿಷ್ಟ ಬೇಕು ಅಂತ ಲೋಟ ಹಿಡಿದು ಬಂದು ಕೂತಿದ್ದರು. ಇನ್ನು ಸುಮ್ಮನಿದ್ದರೆ ಇಡೀ ಬೀದಿ ಕುಡಿಯುತ್ತದೆ ಅಂತ ಹೆದರಿ ನಿಜ ಹೇಳಿಬಿಟ್ಟೆ.

“ಅತ್ತೆ, ಅದು ಔಷಧಿ ಅಲ್ಲ. ಚೀನಾದೋರು ಅಡುಗೆಗೆ ಹಾಕೋದು.”

ಅತ್ತೆ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈಯುತ್ತಾರೆ ಅಂತ ನಾನು ತಲೆ ತಗ್ಗಿಸಿ ನಿಂತೆ.

“ದಿನಾ ಅಡುಗೆಗೇ ಹಾಕ್ಕೋತಾರಾ?” ಅಂದರು. “ಅದಕ್ಕೇ ಮತ್ತೆ! ಇಲ್ದಿದ್ರೆ ಅಷ್ಟುದ್ದದ ಗೋಡೆ ಕಟ್ಟೋಕೆ ಅವರ ಮಂಡಿ ಎಲ್ಲಿ ತಡೀತಿತ್ತು!”

ಪ್ಯಾನು

ನಮ್ಮ ಕಡೆ ಬಾಣಲೆಯಂಥ ಪ್ಯಾನೂ ಪ್ಯಾನೇ, ತಲೆ ಮೇಲೆ ತಿರುಗುವ ಫ್ಯಾನೂ ಪ್ಯಾನೇ. ಇದು ನನಗೆ ಗೌರಿಬಿದನೂರಿನ ಕಾಲೇಜಿನಲ್ಲಿ ಚೆನ್ನಾಗಿ ಅರ್ಥವಾಯಿತು.

ತರಗತಿಯಲ್ಲಿ ಬೆಂಡೆಕಾಯಿಯ ವಿಧಾನ ಬರೆಸಿದೆ. “ಬೆಂಡೆಕಾಯಿ ಸೀಳಿದ ಮೇಲೆ ಲೋಳೆ ಹೋಗುವಂತೆ ಪ್ಯಾನಿನಲ್ಲಿ ಎರಡು ನಿಮಿಷ ಬಾಡಿಸಿ” ಅಂತ ಒಂದು ಸಾಲು. ಮನೆಯಲ್ಲಿ ಮಾಡಿ, ಡಬ್ಬಿಯಲ್ಲಿ ತಂದು ತೋರಿಸಿ ಅಂದೆ. ಸೋಮವಾರ ಇಪ್ಪತ್ತು ಡಬ್ಬಿ ಬಂದವು. ಒಂದು ಬಿಟ್ಟು ಉಳಿದವೆಲ್ಲ ಒಂದು ಮಟ್ಟಕ್ಕಿದ್ದವು. ಮಂಚೇನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯ ಡಬ್ಬಿ ತೆಗೆದರೆ ಗೊಜ್ಜು. ಚಮಚ ಎತ್ತಿದರೆ ಡಬ್ಬಿಯೇ ಜೊತೆಗೆ ಎದ್ದು ಬಂತು.

“ಇದೇನಮ್ಮ ಇದು?”

“ನೀವು ಹೇಳ್ದಂಗೇ ಮಾಡ್ದೆ ಮೇಡಂ. ಮಧ್ಯದಲ್ಲಿ ಕರೆಂಟ್ ಹೋಗ್ಬಿಡ್ತು.”

“ಕರೆಂಟಿಗೂ ಬೆಂಡೆಕಾಯಿಗೂ ಏನೇ ಸಂಬಂಧ?”

“ಪ್ಯಾನಲ್ಲಿ ಬಾಡಿಸ್ಬೇಕಲ್ಲ ಮೇಡಂ!”

ತರಗತಿ ಗೊಳ್ಳೆಂದು ನಗುತ್ತದೆ ಅಂತ ಕಾದೆ. ಒಬ್ಬಳೂ ನಗಲಿಲ್ಲ. ನನಗೆ ಅನುಮಾನ ಬಂತು. “ಯಾರ್ಯಾರು ಫ್ಯಾನ್ ಹಾಕಿದ್ರಿ, ಕೈ ಎತ್ತಿ” ಅಂದೆ. ಹನ್ನೆರಡು ಕೈ ಮೇಲೆದ್ದವು. ಮುಂದಿನ ಬೆಂಚಿನ ಜಾಣೆಯೊಬ್ಬಳು ಎದ್ದು ನಿಂತು, “ಆದ್ರೆ ಮೇಡಂ, ಎರಡು ನಿಮಿಷಕ್ಕೆ ಬಾಡಲ್ಲ. ನಿಮ್ಮ ಮೇಡಂ ತಪ್ಪು ಬರೆಸಿದಾರೆ ಅಂತ ನಮ್ಮಮ್ಮ ಅಂದ್ರು. ನಾವು ಅರ್ಧ ಗಂಟೆ ಬಿಟ್ವಿ” ಅಂದಳು. ಅವಳ ಡಬ್ಬಿ ತೆಗೆದು ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಇಪ್ಪತ್ತು ಡಬ್ಬಿಯಲ್ಲಿ ಅದರಷ್ಟು ಗರಿಗರಿ ಇನ್ನೊಂದಿರಲಿಲ್ಲ. ಬೆಂಗಳೂರಿನ ಅಡುಗೆಯವರದೂ ಅಷ್ಟಿರಲಿಲ್ಲ.

ಮನೆಗೆ ಹೋಗಿ ನಾನೂ ಹಾಸಿಗೆಯ ಮೇಲೆ ಪೇಪರ್ ಹರಡಿ, ಬೆಂಡೆಕಾಯಿ ಹಾಸಿ, ಫ್ಯಾನು ಹಾಕಿ ಅರ್ಧ ಗಂಟೆ ಕಾದೆ. ಯಜಮಾನರು ಬಂದು ನೋಡಿ, ಮಲಗಿಸಿದೀಯಾ ಅಂತ ಕೇಳಿದರು. ಲೋಳೆ ಮಾಯ! ಮರುದಿನ ನಾಚಿಕೆ ಬಿಟ್ಟು ವಿಧಾನ ತಿದ್ದಿಸಿದೆ. “ಪ್ಯಾನಿನಲ್ಲಿ ಎರಡು ನಿಮಿಷ ಅನ್ನೋದನ್ನ ಹೊಡೆದು ಹಾಕಿ. ಫ್ಯಾನಿನ ಕೆಳಗೆ ಅರ್ಧ ಗಂಟೆ ಅಂತ ಬರ್ಕೊಳಿ. ತಲೆ ಮೇಲಿರೋ ಫ್ಯಾನು. ಗೊತ್ತಾಯ್ತಾ?”

ಕೊನೇ ಬೆಂಚಿನಿಂದ ಒಬ್ಬಳು ಅಂಜುತ್ತ ಎದ್ದಳು.

“ಮೇಡಂ, ನಮ್ಮನೇಲಿ ಪ್ಯಾನಿಲ್ಲ. ಬಾಂಡ್ಲೀಲಿ ಬಾಡಿಸ್ಬಹುದಾ?”

ಜ್ವರದ ಮನೆ

ಶಿಡ್ಲಘಟ್ಟಕ್ಕೆ ವರ್ಗವಾದ ಹೊಸದರಲ್ಲಿ ಜಂಗಮಕೋಟೆಯ ಹೆಂಗಸರ ಸಂಘದವರು ಅಡುಗೆ ತೋರಿಸಲು ಕರೆದರು. ಸಂಘದ ಅಧ್ಯಕ್ಷಿಣಿ ಅಲ್ಲಿನ ದೊಡ್ಡ ಜಮೀನುದಾರರ ಮನೆಯ ಯಜಮಾನಿ. ಅವರ ಮನೆಯ ಪಡಸಾಲೆಯಲ್ಲೇ ಕಾರ್ಯಕ್ರಮ. ಬೆಂಡೆಕಾಯಿ ಅವರ ತೋಟದ್ದೇ, ಬೆಳಿಗ್ಗೆ ಕಿತ್ತಿದ್ದು, ಮುರಿದರೆ ಲಟಕ್ ಅನ್ನುತ್ತಿತ್ತು.

ನಾನು ಪೇಟೆಯಲ್ಲಿ ಬೆಳೆದವಳು, ರೇಷ್ಮೆ ಹುಳ ಸಾಕುವ ಮನೆಯ ರೀತಿ ರಿವಾಜು ಗೊತ್ತಿಲ್ಲ. ಹೊಸಿಲು ದಾಟುತ್ತಿದ್ದ ಹಾಗೆ ಯಜಮಾನಿ ತುಟಿಯ ಮೇಲೆ ಬೆರಳಿಟ್ಟರು.

“ಮೆತ್ತಗೆ ಮಾತಾಡಿ ಮೇಡಮ್ಮಾ. ಒಳಗೆ ಎಲ್ಲಾ ಜ್ವರಕ್ಕೆ ಮಲಗವೆ.”

“ಅಯ್ಯೋ ಪಾಪ, ಎಷ್ಟು ಮಕ್ಕಳಿಗೆ?”

“ಎಣಿಸೋರ್ಯಾರಮ್ಮ! ಮೂವತ್ತು ನಲವತ್ತು ಸಾವಿರ ಇರ್ಬೋದು.”

ಹುಳಗಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ಮಲಗುವುದಕ್ಕೆ ಜ್ವರ ಅನ್ನುತ್ತಾರೆ ಅಂತ ಜೊತೆಗೆ ಬಂದಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಕಿವಿಯಲ್ಲಿ ಹೇಳಿದ ಮೇಲೆ ನನಗೆ ಅರ್ಥವಾಯಿತು. ಇವು ಕೊನೆಯ ಜ್ವರಕ್ಕೆ ಮಲಗಿದ್ದವು. ಎದ್ದು ಒಂದು ವಾರ ಮೇಯ್ದರೆ ಗೂಡು ಕಟ್ಟುತ್ತವೆ. ಈಗ ಕೈತಪ್ಪಿದರೆ ಇಡೀ ಬೆಳೆ ಹೋದಂತೆ.

ನಾನು ಸ್ಟವ್ ಹಚ್ಚಿ, ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಮೆಣಸಿನಕಾಯಿ ಹಾಕಿದೆನೋ ಇಲ್ಲವೋ, ಯಜಮಾನಿ ಎದ್ದು ಓಡಿ ಬಂದರು. “ಘಾಟು! ಘಾಟು! ಹುಳಕ್ಕೆ ಆಗಲ್ಲ, ಆಚೆ ತಗೊಂಡೋಗಿ!” ಸ್ಟವ್ ಅಂಗಳಕ್ಕೆ ಬಂತು. ಗಾಳಿ ಒಳಗಡೆಗೇ ಬೀಸಿತು. ಸ್ಟವ್ ದನದ ಕೊಟ್ಟಿಗೆಗೆ ಹೋಯಿತು. ಸೀಮೆಹಸು ಎರಡು ಸಲ ಸೀನಿತು. ಇದು ಸಾಯಂಕಾಲ ಹಾಲು ಕೊಡದಿದ್ದರೆ ಡೇರಿಗೆ ಏನು ಹಾಕೋದು ಅಂತ ಯಜಮಾನಿಯ ಗಂಡ ಗದರಿದರು. ಸ್ಟವ್ ಬೀದಿಗೆ ಹೋಯಿತು. ಎದುರುಮನೆಯವರೂ ಹುಳ ಸಾಕಿದ್ದರು, ಅವರು ಕೋಲು ಹಿಡಿದು ಬಂದರು. ಕೊನೆಗೆ ಸ್ಟವ್ ಒಬ್ಬರು, ಬಾಂಡ್ಲಿ ಒಬ್ಬರು, ಬೆಂಡೆಕಾಯಿ ಒಬ್ಬರು ಹೊತ್ತುಕೊಂಡು, ಮೂವತ್ತು ಜನ ಹೆಂಗಸರು ಸಾಲಾಗಿ ನಡೆದು ಊರಾಚೆ ಬಸ್ ನಿಲ್ಲುವ ಜಾಗಕ್ಕೆ ಬಂದೆವು. ದಾರಿಯಲ್ಲಿ ಸಿಕ್ಕವರು ಯಾವ ದೇವರಿಗಮ್ಮ ಅಂತ ಕೇಳಿದರು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೊನೆಗೂ ಅಡುಗೆ ಆಯಿತು. ಕಂದು ಬಣ್ಣಕ್ಕೆ ತಿರುಗಿ, ಸುರುಳಿ ಸುತ್ತಿಕೊಂಡು, ಸೋಯಾ ಸಾಸಿನಲ್ಲಿ ಮಿರಮಿರ ಮಿಂಚುವ ಬೆಂಡೆಕಾಯಿ. ಮೊದಲ ತಟ್ಟೆಯನ್ನು ಅಲ್ಲಿದ್ದ ಎಲ್ಲರಿಗಿಂತ ಹಿರಿಯ ಅಜ್ಜಿಗೆ ಕೊಟ್ಟೆ. ಅಜ್ಜಿ ಒಂದು ತುಂಡನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಇದ್ಯಾವ ದೇಶದ್ದು ಅಂದ್ಯವ್ವಾ?”

“ಚೀನಾದ್ದು ಅಜ್ಜಿ.”

“ಚೀನಾದೋರು ಹುಳ ತಿಂತಾರಂತಲ್ಲ?”

ಅಜ್ಜಿ ಹೇಳಿದ ಮೇಲೆ ಎಲ್ಲರೂ ತಟ್ಟೆಯತ್ತ ಬಗ್ಗಿದರು. ನಾನೂ ಬಗ್ಗಿದೆ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಮನೆಗಳ ಮುಂದೆ ಬೆಂದ ಹುಳಗಳನ್ನು ಒಣಹಾಕಿರುತ್ತಾರೆ. ಆಣೆ ಮಾಡಿ ಹೇಳುತ್ತೇನೆ, ಥೇಟ್ ಹಾಗೇ ಇತ್ತು.

“ಇಲ್ಲಜ್ಜಿ, ಬೆಂಡೆಕಾಯಿ! ನಿಮ್ಮ ಕಣ್ಣ ಮುಂದೇನೇ ಹೆಚ್ಚಿದ್ದು!”

“ಬೆಂಡೆಕಾಯಿ ಆಗಿದ್ರೆ ಲೋಳೆ ಇರ್ಬೇಕಾಗಿತ್ತಲ್ಲವ್ವಾ” ಅಂತ ಅಜ್ಜಿ ತುಂಡನ್ನು ವಾಪಸ್ಸು ತಟ್ಟೆಗಿಟ್ಟರು. ಆಮೇಲೆ ಯಜಮಾನಿಯ ಕಡೆ ತಿರುಗಿ ನೊಂದ ದನಿಯಲ್ಲಿ ಅಂದರು: “ಹುಳ ಸಾಯ್ತವೆ ಅಂತ ಒಲೆ ಹೊತ್ಕೊಂಡು ಇಷ್ಟು ದೂರ ಬಂದ್ವಲ್ಲೇ ತಾಯಿ, ಇಲ್ಲಿ ನೋಡಿದ್ರೆ ಈವಮ್ಮ ಎಣ್ಣೇಲೇ ಕರೀತಾವ್ಳಲ್ಲ!”

ಸಾಹೇಬರ ಹೆಂಡತಿ

ಚಿಕ್ಕಬಳ್ಳಾಪುರಕ್ಕೆ ಬಂದಾಗ ಯಜಮಾನರ ಸಾಹೇಬರು ಅವರನ್ನು ಬೇರೆ ತಾಲ್ಲೂಕಿಗೆ ಹಾಕುವ ಮಾತಾಡುತ್ತಿದ್ದರು. ಗಂಡ ಹೆಂಡತಿ ಒಂದೇ ಊರಲ್ಲಿ ಇರಬೇಕಾದರೆ ಸಾಹೇಬರ ಮನಸ್ಸು ಕರಗಬೇಕು. ಇವರು ಏನು ಮಾಡಿದರು ಗೊತ್ತೇ? “ನಮ್ಮ ಮನೆಯವಳು ಚೈನೀಸ್ ಮಾಡ್ತಾಳೆ ಸಾರ್” ಅಂದು ಅವರನ್ನೂ ಅವರ ಹೆಂಡತಿಯನ್ನೂ ಭಾನುವಾರ ಸಾಯಂಕಾಲ ಟಿಫನ್ನಿಗೆ ಕರೆದೇಬಿಟ್ಟರು.

ಬೆಂಡೆಕಾಯಿ ಫ್ಯಾನಿನ ಕೆಳಗೆ ಬಾಡಿ ರೆಡಿಯಾಗಿದೆ, ಕಾರ್ನ್‌ಫ್ಲೋರ್ ಡಬ್ಬ ನೋಡಿದರೆ ಖಾಲಿ. ಇವರನ್ನು ಅಂಗಡಿಗೆ ಓಡಿಸಿದೆ. ಬಂದವರು ಪೊಟ್ಟಣ ಕೊಟ್ಟು ಹೊರಗೆ ಕುರ್ಚಿ ಜೋಡಿಸಲು ಹೋದರು. ನಾನು ಗಡಿಬಿಡಿಯಲ್ಲಿ ಸುರಿದು, ಕಲಸಿ, ಎಣ್ಣೆಗೆ ಬಿಟ್ಟೆ. ಒಂದು ನಿಮಿಷಕ್ಕೆ ಅಡುಗೆಮನೆಯೆಲ್ಲ ಬೇಕರಿಯ ಹಾಗೆ ಘಮಘಮ ಅಂತು. ಪೊಟ್ಟಣ ತಿರುಗಿಸಿ ಓದಿದೆ. ಕಸ್ಟರ್ಡ್ ಪೌಡರ್!

“ಎರಡೂ ಒಂದೇ ಸಾರ್, ಇದಕ್ಕೆ ವಾಸನೆ ಇದೆ ಅಷ್ಟೆ ಅಂದ ಅಂಗಡಿಯೋನು” ಅಂತ ಇವರು ಪಿಸುಗುಟ್ಟಿದರು. ಅಷ್ಟರಲ್ಲಿ ಸಾಹೇಬರ ಜೀಪು ಬಂದು ನಿಂತಿತು. ಬೇರೆ ಬೆಂಡೆಕಾಯಿಯೂ ಇಲ್ಲ, ಹೊತ್ತೂ ಇಲ್ಲ. ಬೆಳ್ಳುಳ್ಳಿ, ಸೋಯಾ ಸಾಸು ಎರಡರಷ್ಟು ಹಾಕಿ, ದೇವರ ಮೇಲೆ ಭಾರ ಹಾಕಿ ತಂದಿಟ್ಟೆ.

ಸಾಹೇಬರು ಒಂದು ತುಂಡು ಬಾಯಿಗಿಟ್ಟರು. ಹುಬ್ಬು ಮೇಲೇರಿತು. ಹೊರಗೆ ಖಾರ, ಹಿಂದೆಯೇ ಐಸ್‌ಕ್ರೀಮಿನ ವಾಸನೆ. ಇನ್ನೊಂದು ತುಂಡು ತಿಂದರು. ಹುಬ್ಬು ಇಳಿಯಲಿಲ್ಲ. ಯಜಮಾನರು ಬೆವರುತ್ತ, “ಇದು ಶಾಂಘೈ ಕಡೆ ಪದ್ಧತಿ ಸಾರ್” ಅಂದುಬಿಟ್ಟರು.

“ಗೊತ್ರೀ, ನಂಗೊತ್ತಿಲ್ವಾ?” ಅಂದರು ಸಾಹೇಬರು. “ಬೊಂಬಾಯಲ್ಲಿದ್ದಾಗ ವಾರವಾರ ತಿಂತಿದ್ದೆ. ಆದ್ರೆ ಅಲ್ಲಿ ಇಷ್ಟು ಸರಿಯಾಗಿ ಮಾಡ್ತಿರ್ಲಿಲ್ಲ.” ಎರಡನೇ ತಟ್ಟೆಯೂ ಮುಗಿಯಿತು. ವರ್ಗದ ಮಾತು ಅಲ್ಲಿಗೇ ನಿಂತಿತು.

ಆದರೆ ಸಾಹೇಬರ ಹೆಂಡತಿ ಬಿಡಬೇಕಲ್ಲ? ವಿಧಾನ ಬರೆಸಿಕೊಂಡು ಹೋದರು. ಕಸ್ಟರ್ಡ್ ಅಂತ ಹೇಳಲು ಬಾಯಿ ಬರದೆ ನಾನು ಕಾರ್ನ್‌ಫ್ಲೋರ್ ಅಂತಲೇ ಬರೆಸಿದ್ದೆ. ನಾಲ್ಕು ದಿನಕ್ಕೆ ವಾಪಸ್ಸು ಬಂದರು. “ನಿಮ್ಮ ಥರ ವಾಸನೆ ಬರ್ತಿಲ್ಲಾರೀ. ಇವರು ತಟ್ಟೆ ತಳ್ಳಿಬಿಟ್ರು.” ಎಣ್ಣೆ ಚೆನ್ನಾಗಿ ಕಾಯಬೇಕು ಅಂದೆ. ಮುಂದಿನ ವಾರ ಮತ್ತೆ ಬಂದರು. ಕೈಗುಣ ಅಂದೆ. ಮೂರನೇ ಸಲ ಬಂದಾಗ ಮುಖ ಊದಿತ್ತು. “ಗುಟ್ಟು ಮುಚ್ಚಿಡ್ತೀರ ನೀವು. ಇರಲಿ ಬಿಡಿ. ಮನಸ್ಸಿಲ್ಲ ಅಂದ್ಮೇಲೆ ನಾನ್ಯಾಕೆ ಕೇಳಲಿ?” ಅಂತ ಎದ್ದರು.

ಹೆಂಡತಿ ಮುನಿಸಿಕೊಂಡರೆ ಸಾಹೇಬರು ಮುನಿಸಿಕೊಳ್ಳುತ್ತಾರೆ, ಸಾಹೇಬರು ಮುನಿಸಿಕೊಂಡರೆ ನಮ್ಮವರು ಬಾಗೇಪಲ್ಲಿಗೆ. ಓಡಿಹೋಗಿ ಗೇಟಿನ ಹತ್ತಿರ ಅವರ ಕೈ ಹಿಡಿದುಕೊಂಡೆ. “ಹೇಳಿಬಿಡ್ತೀನಿ ಅಮ್ಮಾ, ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಅದಕ್ಕೆ ನಾನು ಹಾಕಿದ್ದು ಕಸ್ಟರ್ಡ್ ಪೌಡರ್!”

ಅವರು ನನ್ನ ಕೈ ಕೊಡವಿಕೊಂಡರು.

“ನೋಡೀಮ್ಮಾ,” ಅಂದರು, “ಸುಳ್ಳು ಹೇಳೋದಾದ್ರೂ ನಂಬೋ ಹಂಗೆ ಹೇಳಿ.”

ಆರನೇ ಮನೆ

ಚಿಂತಾಮಣಿಯಲ್ಲಿ ನಡೆದದ್ದಕ್ಕೆ ಮಾತ್ರ ನಾನು ಪೂರ್ತಿ ಹೊಣೆ ಅಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಆ ವರ್ಷ ನನ್ನ ತರಗತಿಯಲ್ಲಿ ಮೂವತ್ತು ಜನ ಹುಡುಗಿಯರು. ಎಲ್ಲರಿಗೂ ಚೈನೀಸ್ ಬೆಂಡೆಕಾಯಿ ಕಲಿಸಿದೆ. ಎಲ್ಲರೂ ಚೆನ್ನಾಗಿ ಕಲಿತರು. ಒಬ್ಬಳದು ಮಾತ್ರ ಪ್ರತಿ ಸಲವೂ ಕೆಡುತ್ತಿತ್ತು. ಮೂಲೆಯಲ್ಲಿ ಕೂರುವ, ಕಡಿಮೆ ಮಾತಿನ, ಕಣ್ಣು ಮಾತ್ರ ಚುರುಕಾಗಿದ್ದ ಹುಡುಗಿ. ಒಂದು ಸಲ ಮೆತ್ತಗೆ, ಒಂದು ಸಲ ಸೀದು, ಒಂದು ಸಲ ಉಪ್ಪೇ ಇಲ್ಲ. ಪ್ರಾಕ್ಟಿಕಲ್‌ನಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ಅವಳಿಗೇ ಕೊಟ್ಟೆ.

ಪರೀಕ್ಷೆ ಮುಗಿದು ಒಂದು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಊರಿನ ಮದುವೆ ಬ್ರೋಕರ್ ನಮ್ಮ ಮನೆ ಬಾಗಿಲಿಗೆ ಬಂದು, ಕೊಡೆ ಗೋಡೆಗೆ ಒರಗಿಸಿ, ಜಗಲಿಯ ಮೇಲೆ ಕುಸಿದು ಕೂತ.

“ಏಂ ಚೆಪ್ಪೇದಿ ಮೇಡಮ್ಮಾ! ಏನಂತ ಹೇಳ್ಲಿ! ನಿಮ್ಮಿಂದ ನನ್ನ ಕಸುಬು ಮುಳುಗೋಯ್ತು.”

“ನಾನೇನಪ್ಪ ಮಾಡ್ದೆ?”

“ಬೆಂಡೆಕಾಯಿ ಮಾಡಿದ್ರಿ!”

ಆಮೇಲೆ ಒಂದು ಲೋಟ ಕಾಫಿ ಕುಡಿದು ಹೇಳಿದ. ಮದನಪಲ್ಲಿ ಕಡೆಯ ಒಳ್ಳೇ ಮನೆತನದ ಹುಡುಗ, ಸರ್ಕಾರಿ ಇಂಜಿನಿಯರು. ತಾಯಿ, ಸೋದರತ್ತೆ, ಹುಡುಗ ಮೂವರನ್ನೂ ಕರೆದುಕೊಂಡು ಇವನು ಚಿಂತಾಮಣಿಯಲ್ಲಿ ಹೆಣ್ಣು ತೋರಿಸಲು ಹೊರಟ. ಮೊದಲನೇ ಭಾನುವಾರ ಎರಡು ಮನೆ. ಮೊದಲ ಮನೆಯಲ್ಲಿ ಬೋಂಡಾ ಬಜ್ಜಿಯ ಬದಲು ಚೈನೀಸ್ ಬೆಂಡೆಕಾಯಿ ಬಂತು. ಹುಡುಗ ಸಂತೋಷವಾಗಿ ತಿಂದ. “ಹುಡುಗೀನೇ ಮಾಡಿದ್ದು, ಕಾಲೇಜಲ್ಲಿ ಕಲ್ತಿದಾಳೆ” ಅಂದರು. ಎರಡನೇ ಮನೆಯಲ್ಲೂ ಅದೇ. ಅಲ್ಲೂ ಹುಡುಗೀನೇ ಮಾಡಿದ್ದು. ಹುಡುಗ ಸುಮ್ಮನೆ ತಿಂದ.

“ಮುಂದಿನ ಭಾನುವಾರ ಮೂರನೇ ಮನೆ. ಮುಚ್ಚಿದ ತಟ್ಟೆ ತಂದಿಟ್ರು ಮೇಡಂ. ತೆಗೆದ್ರೆ ಮತ್ತೆ ಅದೇ! ಹುಡುಗನ ತಾಯಿಗೆ ಅನುಮಾನ ಬಂತು. ಇದೇನಯ್ಯಾ, ಎಲ್ಲಾ ಮನೇಲೂ ಒಂದೇ ರುಚಿ, ಒಂದೇ ಕೈ! ಒಬ್ಬಳೇ ಅಡುಗೆಯೋಳ್ನ ಇಟ್ಕೊಂಡು ಮನೆಮನೆಗೆ ಕರ್ಕೊಂಡೋಗಿ ನಮಗೆ ಟೋಪಿ ಹಾಕ್ತಿದೀಯಾ ಅಂತ ನನ್ನ ಮೇಲೆ ಬಂದ್ರು. ನಾಲ್ಕನೇ ಮನೇಲಿ ಸೋದರತ್ತೆ ನೆಟ್ಟಗೆ ಅಡುಗೆಮನೆಗೇ ನುಗ್ಗಿ ಯಾರು ಕರೀತಿದಾರೆ ಅಂತ ನೋಡಿ ಬಂದ್ರು. ಪಾಪ, ಆ ಹುಡುಗಿ ಹೆದರ್ಕೊಂಡು ಜಾಲರಿ ಕೆಳಗೆ ಹಾಕಿದ್ಲು. ಐದನೇ ಮನೇಲಿ ತಟ್ಟೆ ದೂರದಲ್ಲಿ ಕಾಣ್ತಿದ್ದಂಗೇ ತಾಯಿ ಹುಡುಗನ ಕೈ ಹಿಡ್ಕೊಂಡು, ‘ಒದ್ದು ನಾಯ್ನಾ, ಬೇಡ ಕಣಪ್ಪಾ, ಹೊಟ್ಟೆ ಕೆಡತ್ತೆ’ ಅಂದ್ರು. ಹುಡುಗ ಆಗ್ಲೇ ಬಚ್ಚಲು ಎಲ್ಲಿದೆ ಅಂತ ಕೇಳ್ತಿದ್ದ ಮೇಡಂ!”

ನಾನು ನಗು ತಡೆದುಕೊಂಡು, “ಆಮೇಲೆ?” ಅಂದೆ.

“ಆಮೇಲೇನು, ಮೂರನೇ ಭಾನುವಾರ ಆರನೇ ಮನೆ. ಬರಲ್ಲ ಅಂತ ಹುಡುಗ ಬಸ್ಸಿನಿಂದಲೇ ಇಳೀಲಿಲ್ಲ. ಕೈಕಾಲು ಹಿಡಿದು ಇಳಿಸ್ದೆ. ಅಲ್ಲಿ ತಟ್ಟೆ ಬಂತು. ಮೂರೂ ಜನ ಕಣ್ಣು ಮುಚ್ಕೊಂಡು ಕೂತಿದ್ರು. ತೆಗೆದು ನೋಡಿದ್ರೆ ಉಪ್ಪಿಟ್ಟು! ಬಿಸಿಬಿಸಿ ಉಪ್ಪಿಟ್ಟು, ಮೇಲೊಂದು ನಿಂಬೆಹಣ್ಣಿನ ಹೋಳು. ಹುಡುಗ ಎರಡು ಸಲ ಹಾಕಿಸ್ಕೊಂಡ. ತಾಯಿ ಕಣ್ಣಲ್ಲಿ ನೀರು. ‘ಈ ಸಂಬಂಧ ಒಪ್ಪಿಗೆ’ ಅಂತ ಅಲ್ಲೇ ಹೇಳಿಬಿಟ್ರು. ಮೇಡಂ, ಹುಡುಗಿ ಇನ್ನೂ ಕಾಫಿ ತಗೊಂಡು ಆಚೇಗೇ ಬಂದಿರ್ಲಿಲ್ಲ!”

ಆರನೇ ಮನೆಯ ಹುಡುಗಿ ಯಾರು ಅಂತ ಕೇಳಿದೆ. ಮೂಲೆಯಲ್ಲಿ ಕೂರುತ್ತಿದ್ದವಳೇ. ಉಳಿದ ಐದು ಮನೆಯವರು ಬ್ರೋಕರನ ಮನೆಗೆ ಹೋಗಿ ಜಗಳ ಆಡಿದ್ದರಂತೆ. ಅದಕ್ಕೆ ಅವನು ನನ್ನ ಹತ್ತಿರ ಬಂದಿದ್ದು. ಇನ್ನು ಮುಂದೆ ಬೇರೆಬೇರೆ ಹುಡುಗಿಯರಿಗೆ ಬೇರೆಬೇರೆ ತಿಂಡಿ ಕಲಿಸಿ ಅಂತ ಕೈ ಮುಗಿದು ಹೋದ.

ನಾನು ಮಾತ್ರ ಒಳಗೊಳಗೇ ಕುಗ್ಗಿಹೋದೆ. ಬರುವುದಿಲ್ಲ ಅಂತ ಕಡಿಮೆ ಅಂಕ ಕೊಟ್ಟ ಹುಡುಗಿಗೆ ಅದೇ ವರವಾಯಿತಲ್ಲ, ನಾನು ಕಲಿಸಿದವರು ಐದು ಜನ ಮನೆಯಲ್ಲೇ ಉಳಿದರಲ್ಲ ಅಂತ. ಪಾಪ, ಏನೂ ತಿಳಿಯದ ಹುಡುಗಿ, ಬಂದಷ್ಟು ಉಪ್ಪಿಟ್ಟು ಕೆದಕಿದಾಳೆ ಅಂದುಕೊಂಡೆ.

ಮದುವೆಯಾಗಿ ನಾಲ್ಕು ತಿಂಗಳಿಗೆ ಅವಳು ಗಂಡನ ಜೊತೆ ನಮ್ಮ ಮನೆಗೆ ಬಂದಳು. ಸರಿಯಾಗಿ ಅವತ್ತೇ ನಾನು ಬೆಂಡೆಕಾಯಿ ಕರಿಯುತ್ತಿದ್ದೆ. ಬಾಗಿಲಲ್ಲೇ ವಾಸನೆ ಹಿಡಿದ ಹುಡುಗ ಹೊಸಿಲ ಮೇಲೆ ನಿಂತುಬಿಟ್ಟ. “ನಾನು ಹೊರಗಡೆ ಜಗಲಿ ಮೇಲೇ ಕೂತ್ಕೋತೀನಿ ಮೇಡಂ, ಗಾಳಿ ಚೆನ್ನಾಗಿದೆ” ಅಂದ. ಯಜಮಾನರು ಅವನಿಗೆ ಕಂಪನಿ ಕೊಡಲು ಕೂತರು. ಅವಳು ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು.

“ನನ್ನ ಮೇಲೆ ಬೇಜಾರಿಲ್ಲ ತಾನೇಮ್ಮಾ?” ಅಂತ ನಾನೇ ಶುರುಮಾಡಿದೆ. “ನಿಂಗೆ ಅಂಕ ಕಡಿಮೆ ಕೊಟ್ಟಿದ್ದೆ. ಆದ್ರೂ ನೋಡು, ಬೆಂಡೆಕಾಯಿ ಬರ್ದೇ ಇದ್ದದ್ದೇ ಒಳ್ಳೇದಾಯ್ತು.”

ಅವಳು ಸೆರಗು ಬಾಯಿಗಿಟ್ಟುಕೊಂಡಳು.

“ಬರ್ದೇ ಏನು ಮೇಡಂ? ಪರೀಕ್ಷೆ ಮುಗಿದ ವಾರಕ್ಕೇ ಮನೇಲಿ ಕೂತು ಮಾಡಿ ಮಾಡಿ ಕಲ್ತಿದ್ದೆ. ನಿಮ್ಮಷ್ಟೇ ಗರಿಗರಿ ಬರ್ತಿತ್ತು. ಅವತ್ತೂ ಬೆಂಡೆಕಾಯಿ ಹೆಚ್ಚಿ, ಒಣಗಿಸಿ ಇಟ್ಟಿದ್ದೆ.”

“ಮತ್ತೆ ಉಪ್ಪಿಟ್ಟು?”

“ಆ ಐದೂ ಜನ ನನ್ನ ಕ್ಲಾಸೇ ಅಲ್ವಾ ಮೇಡಂ? ಯಾರ ಮನೇಲಿ ಏನು ಕೊಟ್ರು, ಇವರು ಎಷ್ಟು ತಿಂದ್ರು, ಎಲ್ಲಾ ಸುದ್ದಿ ನಂಗೆ ಬರ್ತಿತ್ತು. ಐದನೇ ಮನೇಲಿ ಬಚ್ಚಲು ಕೇಳಿದ್ರು ಅಂತ ಅವತ್ತು ಬೆಳಿಗ್ಗೆ ಗೊತ್ತಾದ ತಕ್ಷಣ ಬೆಂಡೆಕಾಯಿ ತೆಗೆದು ಹಸುಗೆ ಹಾಕಿ, ರವೆ ಹುರಿಯೋಕಿಟ್ಟೆ.”

ಇಂಥವಳಿಗೆ ನಾನು ಕಡಿಮೆ ಅಂಕ ಕೊಟ್ಟಿದ್ದೆನಲ್ಲ!

“ಜಾಣೆ ಕಣೇ ನೀನು! ಅಂತೂ ಗೆದ್ದೆ ಬಿಡು” ಅಂದೆ.

“ಎಲ್ಲಿ ಗೆದ್ದೆ ಮೇಡಂ?” ಅಂತ ಅವಳ ಮುಖ ಇದ್ದಕ್ಕಿದ್ದಂತೆ ಬಾಡಿತು. ಬಾಗಿಲ ಕಡೆ ಒಮ್ಮೆ ಇಣುಕಿ ನೋಡಿ, ಗಂಡ ಜಗಲಿಯ ಮೇಲೇ ಇದ್ದಾನೆ ಅಂತ ಖಾತ್ರಿ ಮಾಡಿಕೊಂಡು, ಬಾಂಡ್ಲಿಯ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು: “ಒಂದು ತಟ್ಟೆ ಬೇಗ ಕೊಡಿ ಮೇಡಂ, ಅವರು ನೋಡೋದ್ರೊಳಗೆ ತಿಂದ್ಬಿಡ್ತೀನಿ. ಮದುವೆಯಾದಾಗಿನಿಂದ ಅವರಮ್ಮ ‘ಸೊಸೆ ಕೈ ಉಪ್ಪಿಟ್ಟು, ಸೊಸೆ ಕೈ ಉಪ್ಪಿಟ್ಟು’ ಅಂತ ಬಂದವರಿಗೆಲ್ಲ ಮಾಡಿಸಿ ಮಾಡಿಸಿ, ಉಳಿದಿದ್ದನ್ನ ನಾನು ಮೂರು ಹೊತ್ತೂ ತಿಂತಾ ಇದೀನಿ!”